ಸ್ನೋಮೊಬೈಲ್ ಕ್ಲಚ್: ಬೆಲ್ಟ್ ನೋಡಿ ದೋಷ ಹಿಡಿಯುವ ಕಸುಬು

ಹಳೆಯ ಸ್ನೋಮೊಬೈಲಿನಲ್ಲಿ ಕ್ಲಚ್ಚು, ಗೇರು ಎರಡರ ಕೆಲಸವನ್ನೂ ಮಾಡುವುದು ಎರಡು ಪುಲ್ಲಿ ಮತ್ತು ಒಂದು ದಪ್ಪ ರಬ್ಬರ್ ಬೆಲ್ಟ್. ಎಂಜಿನ್ನಿನ ಕ್ರ್ಯಾಂಕ್ ಶಾಫ್ಟಿಗೆ ಕೂರಿಸಿದ ಪುಲ್ಲಿಯಲ್ಲಿ ಸಣ್ಣ ತೂಕಗಳಿರುತ್ತವೆ. ವೇಗ ಏರಿದಂತೆ ಅವು ಹೊರಕ್ಕೆ ಸರಿದು, ಸ್ಪ್ರಿಂಗಿನ ತಡೆಯನ್ನು ಮೀರಿ, ಪುಲ್ಲಿಯ ಎರಡು ಓರೆ ಬಿಲ್ಲೆಗಳನ್ನು ಹತ್ತಿರ ತಳ್ಳುತ್ತವೆ. ಆಗ ಬೆಲ್ಟ್ ಅಂಚಿನತ್ತ ಏರುತ್ತದೆ. ಬೆಲ್ಟಿನ ಉದ್ದ ಅಷ್ಟೇ ಇರುವುದರಿಂದ ಎರಡನೆಯ ಪುಲ್ಲಿಯಲ್ಲಿ ಒಳಕ್ಕಿಳಿಯುತ್ತದೆ, ಗಾಡಿ ವೇಗ ಹಿಡಿಯುತ್ತದೆ. ಗೇರಿಲ್ಲದ ಸ್ಕೂಟರ್ ಬಿಚ್ಚಿ ಜೋಡಿಸುವ ನಮ್ಮ ಮೆಕ್ಯಾನಿಕ್‌ಗಳಿಗೆ ಈ ಏರ್ಪಾಡು ಪರಿಚಿತ. 1984ರಲ್ಲಿ ಬಂದ ಕೈನೆಟಿಕ್ ಹೋಂಡಾದ ಒಳಗಿದ್ದದ್ದೂ ಇದೇ ತತ್ವ.

ಹಿಮದ ಮೇಲೆ ಓಡುವ ಗಾಡಿಗೆ ಈ ಬೆಲ್ಟ್ ಬಂದದ್ದು ತಡವಾಗಿ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಕಾರ್ಲ್ ಎಲಿಯಾಸನ್ 1924ರಲ್ಲಿ ಮೋಟಾರು ಜೋಡಿಸಿದ ಜಾರುಬಂಡಿ ಕಟ್ಟಿದ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಾಲ್ಕೂರ್‌ನಲ್ಲಿ ಜೋಸೆಫ್ ಅರ್ಮಾಂ ಬೊಂಬಾರ್ಡಿಯೆ 1937ರಲ್ಲಿ ತನ್ನ ಟ್ರ್ಯಾಕ್ (ಗಾಡಿಯಡಿ ಸುತ್ತುವ ಪಟ್ಟಿ) ವ್ಯವಸ್ಥೆಗೆ ಪೇಟೆಂಟ್ ಪಡೆದ. ಅದಕ್ಕೂ ಮೂರು ವರ್ಷ ಮೊದಲು, ರಸ್ತೆಗಳು ಹಿಮದಲ್ಲಿ ಮುಚ್ಚಿಹೋಗಿದ್ದ ಚಳಿಗಾಲದಲ್ಲಿ, ಆತನ ಎರಡು ವರ್ಷದ ಮಗ ಆಸ್ಪತ್ರೆ ಸೇರಲಾಗದೆ ತೀರಿಕೊಂಡಿದ್ದ. ಆತನ ಮೊದಲ ಗಾಡಿಗಳು ಹಲವರು ಕೂತು ಹೋಗುವಂಥವು. ಕಾರಿನ ಎಂಜಿನ್ ಹೊರುವಷ್ಟು ದೊಡ್ಡವು. ಕ್ವಿಬೆಕ್ ಸರ್ಕಾರ ಹಳ್ಳಿ ರಸ್ತೆಗಳ ಹಿಮ ತೆಗೆಸಲು ಹಣ ಕೊಡತೊಡಗಿದ ಮೇಲೆ ಅವುಗಳ ಬೇಡಿಕೆ ಕುಸಿಯಿತು. 1959ರಲ್ಲಿ ಬಂದ ಆತನ ಪುಟ್ಟ ಗಾಡಿ ಸ್ಕೀ-ಡೂ ಕತೆಯನ್ನೇ ಬದಲಿಸಿತು.

ಪುಟ್ಟ ಗಾಡಿಗೆ ಭಾರದ ಗೇರ್ ಪೆಟ್ಟಿಗೆ ಒಗ್ಗುವಂಥದ್ದಲ್ಲ. ದಪ್ಪ ಕೈಗವಸು ತೊಟ್ಟವನಿಗೆ ಗೇರ್ ಬದಲಿಸುವುದೂ ಕಷ್ಟ. ಇದಕ್ಕೆ ಬೇಕಾದ ಬೆಲ್ಟ್-ಪುಲ್ಲಿಯ ಉಪಾಯ ಕ್ಯಾಲಿಫೋರ್ನಿಯಾದ ಸಾಲ್ಸ್‌ಬರಿ ಸ್ಕೂಟರಿನಲ್ಲಿ 1930ರ ದಶಕದ ಕೊನೆಗೇ ಬಂದಿತ್ತು. 1958ರಲ್ಲಿ ಡಚ್ ಕಂಪನಿ ಡಾಫ್ ಅದೇ ತತ್ವವನ್ನು ಕಾರಿಗೂ ತಂದಿತ್ತು. 1970ರ ಸುಮಾರಿಗೆ ಉತ್ತರ ಅಮೆರಿಕದಲ್ಲಿ ಸ್ನೋಮೊಬೈಲ್ ತಯಾರಕರು ನೂರಕ್ಕೂ ಹೆಚ್ಚಿದ್ದರು. ಬಹುಪಾಲು ಕಂಪನಿಗಳು ಮುಂದೆ ಬಾಗಿಲು ಮುಚ್ಚಿದವು. ಗಾಡಿಗಳು ಉಳಿದವು, ರಿಪೇರಿ ಮಾಲೀಕರ ಪಾಲಿಗೆ ಬಂತು.

ಆ ರಿಪೇರಿಯಲ್ಲಿ ಮೊದಲು ಕಣ್ಣು ಹೋಗುವುದು ಬೆಲ್ಟಿನ ಮೇಲೆ. ಪಕ್ಕಗಳು ಗಾಜಿನಂತೆ ಹೊಳೆಯುತ್ತಿದ್ದರೆ ಬೆಲ್ಟ್ ಜಾರುತ್ತಿದೆ. ಒಂದೇ ಅಂಚು ಎಳೆ ಬಿಟ್ಟಿದ್ದರೆ ಎರಡು ಪುಲ್ಲಿ ನೇರ ಸಾಲಿನಲ್ಲಿಲ್ಲ; ಎಂಜಿನ್ ಕೂತ ರಬ್ಬರ್ ಕುಸಿದಿದೆಯೇ ಎಂದೂ ನೋಡಬೇಕಾಗುತ್ತದೆ. ಒಂದು ಜಾಗದಲ್ಲಿ ಮಾತ್ರ ಸುಟ್ಟು ಸಪೂರವಾಗಿದ್ದರೆ ತಪ್ಪು ಕ್ಲಚ್ಚಿನದಲ್ಲ, ಓಡಿಸಿದವನದು: ರಾತ್ರಿ ಟ್ರ್ಯಾಕ್ ನೆಲಕ್ಕೆ ಹೆಪ್ಪುಗಟ್ಟಿತ್ತು, ಗಾಡಿಯ ಹಿಂಭಾಗ ಎತ್ತಿ ಅದನ್ನು ಬಿಡಿಸದೆ ಆಕ್ಸಿಲರೇಟರ್ ಒತ್ತಲಾಗಿದೆ. ಸವೆದ ಬೆಲ್ಟ್ ಎರಡನೆಯ ಪುಲ್ಲಿಯಲ್ಲಿ ತಗ್ಗಿ ಕೂರುವುದರಿಂದ ಗಾಡಿ ಜಗ್ಗಿ ಹೊರಡುತ್ತದೆ. ಅಗಲ ಸುಮಾರು 3 ಮಿಲಿಮೀಟರ್ ಕಡಿಮೆಯಾದರೆ ಬೆಲ್ಟ್ ಬದಲಿಸುವುದು ವಾಡಿಕೆ.

ಬೆಲ್ಟ್ ಸರಿಯಿದ್ದೂ ಎಂಜಿನ್ ಬೇಗನೆ ಉಸಿರುಗಟ್ಟಿದರೆ ಮೊದಲ ಪುಲ್ಲಿಯ ಸ್ಪ್ರಿಂಗ್ ಸೋತಿರಬಹುದು. ವೇಗ ತಗ್ಗಿಸಿದ ಮೇಲೆ ಮತ್ತೆ ಎಳೆಯದಿದ್ದರೆ ಎರಡನೆಯ ಪುಲ್ಲಿ ಅಂಟಿಕೊಂಡಿದೆ. ಅದರೊಳಗಿನ ಓರೆದಾರಿಯಲ್ಲಿ ಜಾರುವ ನೈಲಾನ್ ಗುಂಡಿಗಳು ಸವೆದಿರುವುದು ಸಾಮಾನ್ಯ. ನಿಂತಲ್ಲೇ ಗಾಡಿ ತೆವಳಿದರೆ ಬೆಲ್ಟ್ ಬಿಗಿಯಾಗಿದೆ, ಇಲ್ಲವೇ ಐಡಲ್ ವೇಗ ಹೆಚ್ಚಿದೆ. ಎತ್ತರದ ಬೆಟ್ಟಗಳಲ್ಲಿ ಗಾಳಿ ತೆಳುವಾಗಿ ಎಂಜಿನ್ ಶಕ್ತಿ ಕುಗ್ಗುತ್ತದೆ. ಅಲ್ಲಿ ಹಗುರ ತೂಕಗಳನ್ನು ಹಾಕಿದರೆ ಸಾಕು, ದೋಷ ಹುಡುಕಬೇಕಿಲ್ಲ.

ಮೊದಲ ಪುಲ್ಲಿಯನ್ನು ಕಳಚುವುದೇ ಒಂದು ಸಾಹಸ. ಓರೆ ಶಾಫ್ಟಿನ ಮೇಲೆ ಅದು ವರ್ಷಗಟ್ಟಲೆ ಕಚ್ಚಿ ಕೂತಿರುತ್ತದೆ. ಆಯಾ ಮಾದರಿಗೆಂದೇ ಮಾಡಿದ ಪುಲ್ಲರ್ ಬೋಲ್ಟ್ ಬೇಕು. ಅದಕ್ಕೂ ಬಗ್ಗದಿದ್ದರೆ ನಡುತೂತಿಗೆ ಗ್ರೀಸ್ ಇಲ್ಲವೇ ನೀರು ತುಂಬಿ ಬೋಲ್ಟ್ ಬಿಗಿಯುತ್ತಾರೆ. ಒಳಗಿನ ಒತ್ತಡಕ್ಕೆ ಪುಲ್ಲಿ ಫಟ್ಟನೆ ಕಳಚಿಬರುತ್ತದೆ. ಸುತ್ತಿಗೆಯಲ್ಲಿ ಹೊಡೆಯುವುದು ಕ್ರ್ಯಾಂಕ್ ಶಾಫ್ಟಿಗೇ ಕುತ್ತು. ಹೊಸ ಮಾದರಿಗಳ ಒಣ ಬುಶ್‌ಗಳಿಗೆ ಗ್ರೀಸ್ ಹಚ್ಚುವುದೂ ತಪ್ಪು. ಬೆಲ್ಟಿನ ಕರಿ ಪುಡಿ ಅದಕ್ಕಂಟಿ ಪುಲ್ಲಿಯನ್ನು ಮತ್ತೆ ಜಾಮ್ ಮಾಡುತ್ತದೆ.