ಅಂಬಾಸಿಡರಿನ ಎರಡು ಫ್ಯೂಸು

ಕಾರು ಹಳೆಯದಾದಷ್ಟೂ ರಿಪೇರಿ ಕಷ್ಟ, ಪಾರ್ಟು ಸಿಗೋದಿಲ್ಲ - ಹೀಗಂತ ತಾನೇ ನಾವೆಲ್ಲ ಅಂದುಕೊಂಡಿರೋದು? ನಮ್ಮ ಮನೆಯಲ್ಲಿ ಇದು ಪೂರ್ತಿ ಉಲ್ಟಾ ಆಗಿದೆ. ಸೋದರಮಾವನ 1974ರ ಅಂಬಾಸಿಡರ್ ಇವತ್ತಿಗೂ ಹಾಸನದಿಂದ ಸಕಲೇಶಪುರಕ್ಕೆ ಹೋಗಿ ಬರುತ್ತದೆ. ಅಪ್ಪ 2003ರಲ್ಲಿ ಕೊಂಡ ಕಾರು ಗುಜರಿಗೆ ಹೋಗಿ ಮೂರು ವರ್ಷವಾಯಿತು. ಅದರ ಎಂಜಿನ್ ಚೆನ್ನಾಗಿತ್ತು, ಬಾಡಿಗೆ ತುಕ್ಕೂ ಹಿಡಿದಿರಲಿಲ್ಲ. ಕೆಟ್ಟಿದ್ದು ಎಂಜಿನ್ನನ್ನು ನಡೆಸುವ ಕಂಟ್ರೋಲ್ ಯೂನಿಟ್ ಎಂಬ ಒಂದು ಡಬ್ಬಿ. ಹೊಸದು ಬರೋದಿಲ್ಲ ಅಂದರು. ಹಳೆಯದನ್ನು ತಂದು ಕೂರಿಸಿದರೆ ಕೀಲಿಯ ಒಳಗಿನ ಚಿಪ್ಪು "ನೀನು ಯಾರೋ ನನಗೆ ಗೊತ್ತಿಲ್ಲ" ಅಂದಿತು. ಅಲ್ಲಿಗೆ ಮುಗಿಯಿತು.

ಸಾಫ್ಟ್‌ವೇರ್ ಕೆಲಸ ಮಾಡುವ ನನಗೆ ಇದು ತಲೆಯಲ್ಲಿ ಕೊರೆಯುತ್ತಲೇ ಇತ್ತು. ಐವತ್ತು ವರ್ಷದ ಗಾಡಿ ಬದುಕಿದೆ, ಇಪ್ಪತ್ತು ವರ್ಷದ್ದು ಸತ್ತಿದೆ. ಯಾಕೆ? ಅಂಬಾಸಿಡರನ್ನು ಅಷ್ಟು ಚೆನ್ನಾಗಿ ಕಟ್ಟಿದ್ದರು ಅಂತ ಮಾತ್ರ ಹೇಳಬೇಡಿ, ಓಡಿಸಿದವರು ನಕ್ಕುಬಿಡುತ್ತಾರೆ :-) ಉತ್ತರ ಹುಡುಕುತ್ತಾ ಹೋದರೆ ಸಿಕ್ಕಿದ್ದು ಒಂದು ಪುಟ್ಟ ಇತಿಹಾಸ. ಅದನ್ನೇ ಇಲ್ಲಿ ಹೇಳುತ್ತೇನೆ.

ಶುರುವಿನ ಕಾಲದ ಕಾರುಗಳಲ್ಲಿ ಕರೆಂಟಿಗೆ ಹೆಚ್ಚು ಕೆಲಸವೇ ಇರಲಿಲ್ಲ. ದೀಪ ಸೀಮೆಎಣ್ಣೆಯದೋ ಕಾರ್ಬೈಡ್ ಗ್ಯಾಸಿನದೋ. ಕಿಡಿಗೆ ಮ್ಯಾಗ್ನೆಟೊ. ಸ್ಟಾರ್ಟ್ ಮಾಡೋಕೆ ಮುಂದೆ ನಿಂತು ಹ್ಯಾಂಡಲ್ ತಿರುಗಿಸಬೇಕು. ಅದು ಹಿಂದಕ್ಕೆ ಒದ್ದರೆ ಕೈ ಮುರಿಯುತ್ತಿತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ 1910ರ ಕ್ಯಾಡಿಲಾಕ್ ಕಾರಿಗೆ ಬ್ಯಾಟರಿಯಿಂದ ಕಿಡಿ ಕೊಡುವ ವ್ಯವಸ್ಥೆ ಮಾಡಿದ. 1912ರ ಮಾಡೆಲ್ಲಿಗೆ ಎಲೆಕ್ಟ್ರಿಕ್ ಸ್ಟಾರ್ಟರ್ ಕೊಟ್ಟ, ನಾವು "ಸೆಲ್ಫ್" ಅನ್ನುತ್ತೇವಲ್ಲ, ಅದು. ಬ್ಯಾಟರಿ, ಕಾಯಿಲ್, ಪಾಯಿಂಟು, ಕಂಡೆನ್ಸರ್: ಈ ನಾಲ್ಕು ಸಾಮಾನಿನ ಸರ್ಕ್ಯೂಟೇ ಮುಂದೆ ಅರವತ್ತು ಎಪ್ಪತ್ತು ವರ್ಷ ಪ್ರಪಂಚದ ಪೆಟ್ರೋಲ್ ಕಾರುಗಳನ್ನು ಓಡಿಸಿತು. ಮಾವನ ಕಾರಿನ ಬಾನೆಟ್ ಎತ್ತಿದರೆ ಕಾಣುವುದೂ ಅದೇ.

ಇಂಗ್ಲೆಂಡಿನಲ್ಲಿ ಈ ಸಾಮಾನು ಮಾಡುತ್ತಿದ್ದವರಲ್ಲಿ ಎಲ್ಲರಿಗಿಂತ ದೊಡ್ಡವರು ಬರ್ಮಿಂಗ್‌ಹ್ಯಾಮಿನ ಲೂಕಾಸ್. ಈ ಕಂಪನಿಯ ಮೂಲಪುರುಷ ಜೋಸೆಫ್ ಲೂಕಾಸ್ ಮೊದಲು ಸೀಮೆಎಣ್ಣೆ ಮಾರುತ್ತಿದ್ದವನು, ಆಮೇಲೆ ಹಡಗಿನ ದೀಪ, ಸೈಕಲ್ ದೀಪಕ್ಕೆ ಬಂದ. ಮುಂದೆ ಕಂಪನಿ ಪ್ರತಿಸ್ಪರ್ಧಿಗಳನ್ನು ಕೊಂಡುಕೊಳ್ಳುತ್ತಾ ಬೆಳೆದು, ಇಂಗ್ಲೆಂಡಿನ ಬಹುಪಾಲು ಕಾರುಗಳ ಕರೆಂಟು ಇವರದೇ ಆಯಿತು. ಜನ ಇವರಿಗೆ ಇಟ್ಟ ಅಡ್ಡಹೆಸರು "ಕತ್ತಲೆಯ ರಾಜಕುಮಾರ"! ಲೂಕಾಸ್ ಸ್ವಿಚ್ಚಿಗೆ ಮೂರು ಸ್ಥಾನವಂತೆ: ಆಫ್, ಮಂಕು, ಮಿಣಮಿಣ. ಇಂಗ್ಲಿಷರು ಬೆಚ್ಚಗಿನ ಬಿಯರ್ ಕುಡಿಯುವುದು ಯಾಕೆ ಅಂದರೆ ಅವರ ಫ್ರಿಜ್ಜೂ ಲೂಕಾಸಿನದಂತೆ.

ಜೋಕು ಇರಲಿ. ಒಂದೇ ಕಂಪನಿ ಎಲ್ಲರಿಗೂ ಸಾಮಾನು ಕೊಟ್ಟಿದ್ದರಿಂದ ಒಂದು ದೊಡ್ಡ ಅನುಕೂಲವೂ ಆಯಿತು. ಮಾರಿಸ್, ಆಸ್ಟಿನ್, ಟ್ರಯಂಫ್, ರೋವರ್ ಅಂತ ಹೆಸರು ಬೇರೆ ಬೇರೆ ಇದ್ದರೂ ಒಳಗಿನ ಪಾಯಿಂಟು, ಕಂಡೆನ್ಸರ್, ಕಟೌಟುಗಳು ಒಂದೇ ಕುಟುಂಬದವು. ವೈರಿನ ಬಣ್ಣವೂ ಒಂದೇ. ಕಂದು ಅಂದರೆ ಬ್ಯಾಟರಿಯಿಂದ ನೇರ ಬಂದದ್ದು, ಬಿಳಿ ಅಂದರೆ ಕೀಲಿ ತಿರುಗಿಸಿದ ಮೇಲೆ ಬರುವುದು, ಹಸಿರು ಅಂದರೆ ಆ ಬಿಳಿಯೇ ಫ್ಯೂಸ್ ದಾಟಿ ಬಂದದ್ದು. ನೀಲಿ ಹೆಡ್‌ಲೈಟಿಗೆ, ಕೆಂಪು ಪಾರ್ಕಿಂಗ್ ದೀಪಕ್ಕೆ, ಕಪ್ಪು ಅರ್ತಿಗೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಡಾಕ್ಯುಮೆಂಟೇಶನ್ ವೈರಿನ ಮೇಲೆಯೇ ಇತ್ತು!

ಈಗ ನಮ್ಮ ದೇಶಕ್ಕೆ ಬರೋಣ. ಇಲ್ಲಿಯೇ ಕಾರು ತಯಾರಿಸಬೇಕು ಅಂತ ಮೊದಲು ತಲೆ ಕೆಡಿಸಿಕೊಂಡವರಲ್ಲಿ ನಮ್ಮ ವಿಶ್ವೇಶ್ವರಯ್ಯನವರೂ ಒಬ್ಬರು. 1935ರಲ್ಲಿ ಯೂರೋಪು, ಅಮೆರಿಕಗಳ ಕಾರ್ಖಾನೆಗಳನ್ನು ನೋಡಿ ಬಂದು ಯೋಜನೆ ಬರೆದರು. ಬ್ರಿಟಿಷ್ ಸರ್ಕಾರದಿಂದ ಪ್ರೋತ್ಸಾಹ ಸಿಗಲಿಲ್ಲ. ಅವರ ಜೊತೆಗಿದ್ದ ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಕಂಪನಿ ಶುರು ಮಾಡಿದರು (ಬೆಂಗಳೂರಿನ ವಿಮಾನ ಕಾರ್ಖಾನೆಗೆ 1940ರಲ್ಲಿ ಅಡಿಪಾಯ ಹಾಕಿದವರೂ ಇವರೇ). ಅದಕ್ಕೂ ಮೊದಲು 1942ರಲ್ಲಿ ಬಿರ್ಲಾ ಮನೆತನದ ಹಿಂದುಸ್ತಾನ್ ಮೋಟರ್ಸ್ ಹುಟ್ಟಿತ್ತು. ಅದು ಆಮೇಲೆ ಬಂಗಾಳದ ಉತ್ತರಪಾಡಾಕ್ಕೆ ಬಂತು.

1953ರಲ್ಲಿ ಸರ್ಕಾರ ಒಂದು ತೀರ್ಮಾನ ಮಾಡಿತು. ಬರೀ ಬಿಡಿಭಾಗ ತಂದು ಜೋಡಿಸುವವರು ಬೇಡ, ಇಲ್ಲಿಯೇ ತಯಾರಿಸುವ ಕಾರ್ಯಕ್ರಮ ಇದ್ದವರು ಮಾತ್ರ ಇರಲಿ ಅಂತ. ಫೋರ್ಡ್, ಜನರಲ್ ಮೋಟರ್ಸ್ ಗಂಟುಮೂಟೆ ಕಟ್ಟಿದವು. ಉಳಿದವರು ಬಿಡಿಭಾಗಗಳನ್ನು ಒಂದೊಂದಾಗಿ ಇಲ್ಲಿಯೇ ಮಾಡಿಸಬೇಕಾಯಿತು. ಬೆಂಗಳೂರಿಗೆ ಬಾಷ್ ಸಂಬಂಧದ ಮೈಕೊ ಬಂತು, ಸ್ಪಾರ್ಕ್ ಪ್ಲಗ್ಗಿಗೆ ಮನೆಮಾತಾಯಿತು. 1961ರಲ್ಲಿ ಲೂಕಾಸ್ ಮತ್ತು ಟಿವಿಎಸ್ ಸೇರಿ ಲೂಕಾಸ್-ಟಿವಿಎಸ್ ಆಗಿ, ಮದರಾಸಿನ ಪಾಡಿಯಲ್ಲಿ ಡೈನಮೋ, ಸ್ಟಾರ್ಟರ್, ಡಿಸ್ಟ್ರಿಬ್ಯೂಟರ್ ಮಾಡತೊಡಗಿದವು. ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸೀರೀಸಿನ ಅಚ್ಚಿನಲ್ಲಿ ಬಂದ ಅಂಬಾಸಿಡರೂ, ಟ್ರಯಂಫ್ ಮೂಲದ ಸ್ಟ್ಯಾಂಡರ್ಡ್ ಹೆರಾಲ್ಡೂ ಮಾರುಕಟ್ಟೆಯಲ್ಲಿ ಎದುರಾಳಿಗಳು. ಬಾನೆಟ್ಟಿನ ಕೆಳಗೆ ಮಾತ್ರ ನೆಂಟರು.

ಆಮೇಲೆ ನಡೆದದ್ದು ವಿಚಿತ್ರ. ಲೈಸೆನ್ಸ್ ರಾಜ್ಯದಲ್ಲಿ ಹೊಸ ಮಾಡೆಲ್ ತರಲು ಅನುಮತಿ ಕಷ್ಟ, ವಿದೇಶೀ ವಿನಿಮಯ ಇಲ್ಲ. ಎಷ್ಟು ಹಳೆಯದನ್ನು ಮಾಡಿದರೂ ಕೊಳ್ಳಲು ಜನ ವರ್ಷಗಟ್ಟಲೆ ಕ್ಯೂ ನಿಂತಿದ್ದರು. ಹಾಗಾಗಿ ಕಾಲ ನಿಂತುಬಿಟ್ಟಿತು. 1950ರ ದಶಕದ ಕೊನೆಯಲ್ಲಿ ಶುರುವಾದ ಅಂಬಾಸಿಡರ್ ನಿಂತದ್ದು 2014ರ ಮೇ ತಿಂಗಳಲ್ಲಿ. 1964ರ ಫಿಯೆಟ್ ಡಿಲೈಟ್ ಮುಂದೆ ಪ್ರೆಸಿಡೆಂಟ್, ಪದ್ಮಿನಿ ಅಂತ ಹೆಸರು ಬದಲಿಸಿಕೊಂಡು 2000ದ ಹೊತ್ತಿನವರೆಗೂ ಬಂತು. ಕೊಳ್ಳುವವನಿಗೆ ಇದು ಶಿಕ್ಷೆ, ಒಪ್ಪಿಕೊಳ್ಳೋಣ. ಆದರೆ ಯಾರೂ ಬಯಸದ ಒಂದು ವರವೂ ಇದರ ಜೊತೆಗೇ ಬಂತು. ನಲವತ್ತು ವರ್ಷ ಒಂದೇ ಥರದ ಪಾರ್ಟು ಅಂದರೆ, ಅದನ್ನು ಮಾಡುವ ಸಣ್ಣಪುಟ್ಟ ಕಾರ್ಖಾನೆಗಳು ಊರೂರಲ್ಲಿ ಹುಟ್ಟುತ್ತವೆ. ಅದನ್ನು ಕಣ್ಣುಮುಚ್ಚಿ ಬಿಚ್ಚಬಲ್ಲ ಮೇಸ್ತ್ರಿಗಳ ಎರಡು ತಲೆಮಾರು ತಯಾರಾಗುತ್ತದೆ.

ಆ ಮೇಸ್ತ್ರಿಗಳು ಫಾಲ್ಟ್ ಹಿಡಿಯುವ ರೀತಿಯನ್ನು ಸ್ವಲ್ಪ ಹೇಳಲೇಬೇಕು. ಮಾವನ ಕಾರಿನ ವಂಶದ ಇಂಗ್ಲಿಷ್ ಕಾರುಗಳಿಗೆ ಇದ್ದದ್ದು ಬರೀ ಎರಡು ಫ್ಯೂಸು. ಒಂದು ಯಾವಾಗಲೂ ಕರೆಂಟಿರುವ ಹಾರನ್ ಇತ್ಯಾದಿಗೆ, ಇನ್ನೊಂದು ಕೀಲಿ ತಿರುಗಿಸಿದಾಗ ಬದುಕುವ ವೈಪರ್, ಬ್ರೇಕ್ ಲೈಟ್, ಪೆಟ್ರೋಲ್ ಮುಳ್ಳಿಗೆ. ಹೆಡ್‌ಲೈಟಿಗೆ ಫ್ಯೂಸೇ ಇಲ್ಲ! ಹಾಗಾಗಿ ಏನೇ ಕೆಟ್ಟರೂ ಮೊದಲ ಪ್ರಶ್ನೆ ಒಂದೇ: ಇದರ ಜೊತೆಗೆ ಇನ್ನೇನು ಕೆಟ್ಟಿದೆ? ವೈಪರ್, ಬ್ರೇಕ್ ಲೈಟ್ ಎರಡೂ ಸತ್ತಿದ್ದರೆ ಫ್ಯೂಸ್ ಅಥವಾ ಅದರ ಹಿಂದಿನ ಬಿಳಿ ವೈರು. ಒಂದೇ ಸತ್ತಿದ್ದರೆ ಫ್ಯೂಸಿನ ಮುಂದೆ. ಎರಡೇ ನಿಮಿಷದಲ್ಲಿ ಹುಡುಕುವ ಜಾಗ ಅರ್ಧವಾಗುತ್ತದೆ. ನಾವು ಬೈನರಿ ಸರ್ಚ್ ಅಂತ ಕಾಲೇಜಿನಲ್ಲಿ ಕಲಿತದ್ದನ್ನು ಇವರು ನೆಲದ ಮೇಲೆ ಮಲಗಿ ಮಾಡುತ್ತಿದ್ದರು.

ಅವರ ಆಯುಧ ಒಂದು ಬಲ್ಬು, ಎರಡು ವೈರು. ನಾನು ಎಂಜಿನಿಯರ್, ಮಲ್ಟಿಮೀಟರ್ ಹಿಡಿದು ಹೋದೆ. ಮೇಸ್ತ್ರಿ ನಕ್ಕು, "ಅದು ಸುಳ್ಳು ಹೇಳತ್ತೆ ಸಾರ್" ಅಂದರು. ಮಾತು ನಿಜ. ಮಲ್ಟಿಮೀಟರ್ ಎಳೆಯುವ ಕರೆಂಟು ಇಲ್ಲವೆನ್ನುವಷ್ಟು ಕಡಿಮೆ. ನೂರು ಎಳೆಯ ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಅದು 12 ವೋಲ್ಟ್ ತೋರಿಸುತ್ತದೆ. ಬಲ್ಬಿಗೆ ಹೊಟ್ಟೆ ತುಂಬ ಕರೆಂಟು ಬೇಕು, ಹಾಗಾಗಿ ಕೊಳೆತ ಜಾಯಿಂಟಿನಲ್ಲಿ ಅದು ಮಂಕಾಗಿ ಉರಿದು ನಿಜ ಹೇಳುತ್ತದೆ. ಲೆಕ್ಕ ನೋಡಿ: 12 ವೋಲ್ಟಿನ 60 ವ್ಯಾಟ್ ಹೆಡ್‌ಲೈಟಿಗೆ 5 ಆಂಪಿಯರ್ ಬೇಕು, ಅಂದರೆ ಅದರ ರೆಸಿಸ್ಟೆನ್ಸ್ ಸುಮಾರು 2.4 ಓಮ್. ದಾರಿಯಲ್ಲಿ ತುಕ್ಕು ಹಿಡಿದ ಜಾಯಿಂಟು 0.6 ಓಮ್ ಸೇರಿಸಿದರೆ ಬಲ್ಬಿಗೆ ಸಿಗುವುದು 10 ವೋಲ್ಟಿಗೂ ಕಡಿಮೆ, ಬೆಳಕು ಅರ್ಧಕ್ಕೂ ಕೆಳಗೆ. ಕತ್ತಲೆಯ ರಾಜಕುಮಾರ ಬಹಳ ಸಲ ಲೂಕಾಸ್ ಅಲ್ಲ, ತುಕ್ಕು!

ಮಲ್ಟಿಮೀಟರಿಗೂ ಕೆಲಸ ಇದೆ ಅನ್ನಿ. ದೀಪ ಉರಿಯುತ್ತಿರುವಾಗಲೇ ಅನುಮಾನದ ಜಾಯಿಂಟಿನ ಆ ಕಡೆ ಒಂದು ಕಡ್ಡಿ, ಈ ಕಡೆ ಒಂದು ಕಡ್ಡಿ ಇಡಬೇಕು. ಸೊನ್ನೆಯ ಹತ್ತಿರ ಇದ್ದರೆ ಸರಿ. ಒಂದೆರಡು ವೋಲ್ಟ್ ಬಂದರೆ ಕಳ್ಳ ಅಲ್ಲೇ ಇದ್ದಾನೆ. ಎಷ್ಟೋ ಸಲ ಕಳ್ಳ ಇರುವುದು ಅರ್ತಿನಲ್ಲಿ. ಎಂಜಿನ್ ರಬ್ಬರಿನ ಮೇಲೆ ಕೂತಿರುತ್ತದೆ, ಅದಕ್ಕೂ ಬಾಡಿಗೂ ನಡುವೆ ಒಂದು ಹೆಣೆದ ಪಟ್ಟಿ ಇರುತ್ತದೆ. ಅದು ತುಂಡಾದರೆ ಸೆಲ್ಫಿನ ನೂರಾರು ಆಂಪಿಯರ್ ವಾಪಸ್ಸು ಹೋಗಲು ಬೇರೆ ದಾರಿ ಹುಡುಕುತ್ತದೆ. ಚೋಕ್ ಕೇಬಲ್ಲು ಬಿಸಿಯಾಗಿ ಹೊಗೆ ಬಂದರೆ ಚೋಕನ್ನು ಬೈಯಬೇಡಿ, ಆ ಪಟ್ಟಿ ನೋಡಿ.

ಸರಿ, ಕೆಟ್ಟದ್ದು ಸಿಕ್ಕಿತು. ಪಾರ್ಟು ಎಲ್ಲಿಂದ? ಮೊದಲ ಪಾಠ: ಹೊಸದು ಹುಡುಕುವ ಮೊದಲು ಹಳೆಯದನ್ನು ಬಿಚ್ಚು. ಡೈನಮೋ ಚಾರ್ಜ್ ಮಾಡುತ್ತಿಲ್ಲ ಅಂದರೆ ಬಹಳ ಸಲ ಸವೆದಿರುವುದು ಕಾರ್ಬನ್ ಬ್ರಷ್ ಮತ್ತು ಬುಷ್. ಆರ್ಮೇಚರ್ ಸುಟ್ಟಿದ್ದರೆ ರೀವೈಂಡಿಂಗ್ ಅಂಗಡಿ ಇದೆ. ಎರಡನೆಯದು: ಕಾರಿನ ಹೆಸರು ಹೇಳಿ ಕೇಳಬೇಡ, ಪಾರ್ಟಿನ ಮೈಮೇಲಿನ ನಂಬರ್ ಓದು. ಲೂಕಾಸ್ ಸಾಮಾನಿನ ಮೇಲೆ ನಂಬರಿನ ಜೊತೆಗೆ ಎಷ್ಟೋ ಸಲ ತಯಾರಾದ ತಿಂಗಳು, ವರ್ಷವನ್ನೂ ಕೆತ್ತಿರುತ್ತಾರೆ. ಆ ನಂಬರ್ ಹಿಡಿದು ಹೋದರೆ ಬೇರೆ ಕಾರಿನ ಹೆಸರಿನ ಡಬ್ಬಿಯಲ್ಲೂ ನಿಮ್ಮ ಪಾರ್ಟು ಇರಬಹುದು. ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ, ಚೆನ್ನೈನ ಪುದುಪೇಟೆ, ಕೋಲ್ಕತ್ತದ ಮಲ್ಲಿಕ್ ಬಜಾರ್, ದಿಲ್ಲಿಯ ಕಾಶ್ಮೀರಿ ಗೇಟ್ - ಇವು ಬರೀ ಮಾರುಕಟ್ಟೆಗಳಲ್ಲ, ಈ ನಂಬರುಗಳ ನೆನಪಿನ ಭಂಡಾರಗಳು. ದೂರದಿಂದಲೂ ತರಿಸಬಹುದು: ಅಂಬಾಸಿಡರಿನ ಎಂಜಿನ್ ಇಂಗ್ಲೆಂಡಿನ ಬಿ ಸೀರೀಸ್ ವಂಶದ್ದು. ಅದೇ ವಂಶದ ಎಂಜಿನ್ ಇರುವ ಎಂಜಿಬಿ ಕಾರನ್ನು ಅಲ್ಲಿ ಇಂದಿಗೂ ಪ್ರೀತಿಯಿಂದ ಸಾಕುವವರಿದ್ದಾರೆ, ಅವರಿಗಾಗಿ ಪಾರ್ಟು ಹೊಸದಾಗಿ ತಯಾರಾಗುತ್ತಲೂ ಇದೆ.

ಇದೆಲ್ಲ ಬದಲಾಗಿದ್ದು 2000ದ ಆಸುಪಾಸಿನಲ್ಲಿ. ಹೊಗೆಯ ನಿಯಮ ಬಿಗಿಯಾಯಿತು, ಕಾರ್ಬ್ಯುರೇಟರ್ ಹೋಗಿ ಫ್ಯೂಯಲ್ ಇಂಜೆಕ್ಷನ್ ಬಂತು, ಅದನ್ನು ನಡೆಸಲು ಕಂಪ್ಯೂಟರ್ ಬಂತು. ಗಾಳಿಗೆ ಇದು ಖಂಡಿತ ಒಳ್ಳೆಯದು. ದಿನಾ ಸಿಲ್ಕ್ ಬೋರ್ಡ್ ದಾಟುವ ನಾನು ಹಳೆಯ ಹೊಗೆ ಬೇಕು ಅನ್ನುವುದಿಲ್ಲ. ಆದರೆ ಫಾಲ್ಟು ಬಲ್ಬಿಗೆ ಕಾಣದ ಜಾಗಕ್ಕೆ ಹೋಯಿತು. ಪಾರ್ಟಿನ ಮೇಲಿನ ನಂಬರ್ ಒಂದೇ ಇದ್ದರೂ ಒಳಗಿನ ಪ್ರೋಗ್ರಾಮ್ ಬೇರೆ ಇದ್ದರೆ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಬುಷ್ ಬದಲಿಸಬಹುದು, ಪ್ರೋಗ್ರಾಮ್ ಅನ್ನು ಯಾವ ಗುಜರಿಯಲ್ಲಿ ಹುಡುಕುವುದು? ಮಾಡೆಲ್ಲುಗಳೂ ಬೇಗಬೇಗ ಬದಲಾಗುವುದರಿಂದ, ಸಣ್ಣ ಕಾರ್ಖಾನೆಯವನು ಅದನ್ನು ಕಲಿತು ಮಾಡುವಷ್ಟರಲ್ಲಿ ಅದರ ಕಾಲ ಮುಗಿದಿರುತ್ತದೆ.

ಹಳೆಯದಕ್ಕೂ ಗಡುವು ಹತ್ತಿರ ಬರುತ್ತಿದೆ. 2022ರ ಏಪ್ರಿಲ್‌ನಲ್ಲಿ ಹದಿನೈದು ವರ್ಷ ಮೀರಿದ ಕಾರಿನ ನೋಂದಣಿ ನವೀಕರಣದ ಶುಲ್ಕ 600 ರೂಪಾಯಿಯಿಂದ 5000ಕ್ಕೆ ಏರಿತು. 2021ರ ನಿಯಮದ ಪ್ರಕಾರ ಐವತ್ತು ವರ್ಷ ದಾಟಿ, ಮೂಲ ರೂಪದಲ್ಲೇ ಇರುವ ಗಾಡಿಯನ್ನು ವಿಂಟೇಜ್ ಅಂತ ನೋಂದಾಯಿಸಬಹುದು. ಆದರೆ ಹಾಗೆ ಮಾಡಿದರೆ ಪ್ರದರ್ಶನ, ರ‍್ಯಾಲಿ, ರಿಪೇರಿಗೆ ಬಿಟ್ಟು ದಿನಬಳಕೆಗೆ ರಸ್ತೆಗೆ ತರುವಂತಿಲ್ಲ. ಮಾವ ಅದಕ್ಕೆ ಒಪ್ಪುತ್ತಿಲ್ಲ. "ಓಡಾಡದ ಕಾರು ಯಾಕಪ್ಪಾ, ಗೋಡೆಗೆ ಫೋಟೋ ಹಾಕಿಕೊಂಡರೆ ಸಾಲದಾ?" ಅನ್ನುತ್ತಾರೆ.

ನನಗೆ ಕಾರಿಗಿಂತ ಹೆಚ್ಚು ಚಿಂತೆ ಇರುವುದು ಆ ಮೇಸ್ತ್ರಿಗಳದ್ದು. ಇವರಲ್ಲಿ ಅನೇಕರಿಗೆ ಅರವತ್ತು ದಾಟಿದೆ, ಮಕ್ಕಳು ಬೇರೆ ಕೆಲಸ ಹಿಡಿದಿದ್ದಾರೆ. ಯಾವ ಕಾರಿನ ಕಟೌಟ್ ಯಾವುದಕ್ಕೆ ಕೂರುತ್ತದೆ, ಯಾವ ಊರಿನ ಡುಪ್ಲಿಕೇಟ್ ಪಾಯಿಂಟು ಬಾಳಿಕೆ ಬರುತ್ತದೆ, ಬಣ್ಣ ಹೋದ ಬಟ್ಟೆ ಸುತ್ತಿದ ವೈರಿನಲ್ಲಿ ಕಂದು ಯಾವುದು ಬಿಳಿ ಯಾವುದು - ಇದೆಲ್ಲ ಅವರ ತಲೆಯಲ್ಲಿದೆ, ಯಾವ ಪುಸ್ತಕದಲ್ಲೂ ಇಲ್ಲ. ನಮ್ಮ ಆಫೀಸಿನಲ್ಲಿ ಒಬ್ಬ ಹಳೆಯ ಎಂಜಿನಿಯರ್ ಕೆಲಸ ಬಿಟ್ಟರೆ ಎರಡು ವಾರ "ನಾಲೆಡ್ಜ್ ಟ್ರಾನ್ಸ್‌ಫರ್" ಅಂತ ಕೂರಿಸಿ ಬರೆಸಿಕೊಳ್ಳುತ್ತೇವೆ. ಇವರನ್ನು ಕೂರಿಸಿ ಬರೆಸಿಕೊಂಡವರು ಯಾರು?

ಹಾಗಾಗಿ ನಾನೇ ಒಂದು ನೋಟ್‌ಬುಕ್ ಶುರು ಮಾಡಿದ್ದೇನೆ. ಹಾಸನಕ್ಕೆ ಹೋದಾಗಲೆಲ್ಲ ಒಂದು ಪುಟ: ಒಂದು ಪಾರ್ಟು, ಅದರ ನಂಬರ್, ಅದರ ಬದಲಿಗೆ ಏನು ಕೂರುತ್ತದೆ, ಅದು ಕೆಟ್ಟರೆ ಏನೇನು ಲಕ್ಷಣ. ಎಲ್ಲ ಮೇಸ್ತ್ರಿಗಳ ಮಾತಿನಲ್ಲೇ, ಕನ್ನಡದಲ್ಲೇ. ಈವರೆಗೆ ಮೂವತ್ತೊಂದು ಪುಟ ಆಗಿದೆ. ನಿಮ್ಮೂರಿನಲ್ಲೂ ಇಂಥ ಒಬ್ಬರು ಇದ್ದೇ ಇರುತ್ತಾರೆ, ಬಸ್‌ಸ್ಟ್ಯಾಂಡ್ ಹತ್ತಿರ, ಬ್ಯಾಟರಿ ಅಂಗಡಿಯ ಪಕ್ಕ. ಈ ಸಲ ಊರಿಗೆ ಹೋದಾಗ ಒಂದು ಟೀ ಕುಡಿಸಿ ಮಾತಾಡಿಸಿ ನೋಡಿ. ಅವರು ಹೇಳಿದ್ದನ್ನು ಬರೆದಿಡಿ, ನನಗೂ ತಿಳಿಸಿ. ಪದ್ಮಿನಿಯ ಪುಟಗಳು ಇನ್ನೂ ಖಾಲಿ ಇವೆ.