ಫ್ಲ್ಯಾಂಜುಗಳ ನಡುವಿನ ಸುರುಳಿ: ಲೋಹ ಹಿಡಿದ ಗ್ಯಾಸ್ಕೆಟ್‌ನ ಚರಿತ್ರೆ

ಕೈಗಾರಿಕಾ ಚರಿತ್ರೆಯಲ್ಲಿ ಬಾಯ್ಲರಿಗೆ, ಪಂಪಿಗೆ, ಕವಾಟಕ್ಕೆ ಸಿಕ್ಕ ಗಮನ ಗ್ಯಾಸ್ಕೆಟ್‌ಗೆ ಸಿಕ್ಕಿಲ್ಲ. ಎರಡು ಫ್ಲ್ಯಾಂಜುಗಳ ನಡುವೆ ಅಡಗಿ ಕೂತು, ಬಿಚ್ಚಿದಾಗ ಮಾತ್ರ ಕಣ್ಣಿಗೆ ಬೀಳುವ ಈ ವಸ್ತು ಕಳೆದ ಒಂದು ಶತಮಾನದಲ್ಲಿ ಪೂರ್ತಿ ಬದಲಾಗಿದೆ. ಮೆತ್ತನೆಯ ಪದಾರ್ಥವನ್ನು ಲೋಹ ಹಿಡಿದು ನಿಲ್ಲಿಸುವ ಗ್ಯಾಸ್ಕೆಟ್‌ಗಳು, ಅದರಲ್ಲೂ ಸುರುಳಿ ಗ್ಯಾಸ್ಕೆಟ್, ಬೆಳೆದುಬಂದ ದಾರಿಯನ್ನು ಈ ಲೇಖನ ಗುರುತಿಸುತ್ತದೆ. ಈ ಚರಿತ್ರೆಯನ್ನು ಓದುತ್ತ ಹೋದರೆ ಒಂದು ಸಂಗತಿ ಎದ್ದು ಕಾಣುತ್ತದೆ: ಯಾವ ಗ್ಯಾಸ್ಕೆಟ್ ಆರಿಸಬೇಕೆಂಬುದಕ್ಕೆ 1940ರ ದಶಕದಲ್ಲೇ ಸೂತ್ರಗಳು ಸಿದ್ಧವಾಗಿದ್ದವು, ಆರಿಸಿದ್ದನ್ನು ಹೇಗೆ ಕೂರಿಸಿ ಬಿಗಿಯಬೇಕೆಂಬುದಕ್ಕೆ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘವಾದ ಎಎಸ್‌ಎಂಇ ಪ್ರತ್ಯೇಕ ಮಾರ್ಗಸೂಚಿ ತಂದದ್ದು 2000ದಲ್ಲಿ. ಈ ಅರ್ಧ ಶತಮಾನದ ಅಂತರ ಸಣ್ಣದಲ್ಲ. ಇಂದಿನ ಎಷ್ಟೋ ಸೋರಿಕೆಗಳ ಬೇರು ಅಲ್ಲಿದೆ.

ಆರಂಭದ ಉಗಿಯಂತ್ರಗಳಿಗೆ ಒಳ್ಳೆಯ ಗ್ಯಾಸ್ಕೆಟ್ ಬೇಕಾಗಿರಲಿಲ್ಲ. 1712ರಲ್ಲಿ ನ್ಯೂಕೊಮೆನ್ ಕಟ್ಟಿದ ಯಂತ್ರ ವಾಯುಮಂಡಲದ ಒತ್ತಡದ ಆಸುಪಾಸಿನಲ್ಲೇ ಕೆಲಸ ಮಾಡುತ್ತಿತ್ತು. ಅದರ ಪಿಸ್ಟನ್ನಿಗೆ ಚರ್ಮದ ಬಿಲ್ಲೆ, ಅದರ ಮೇಲೊಂದು ಪದರ ನೀರು ಸಾಕಾಗಿತ್ತು. ಮುಂದೆ ಕೊಳವೆಯ ಕೀಲುಗಳಿಗೆ ಸೆಣಬಿನ ನಾರು, ಸೀಸದ ಸಿಂಧೂರ ಕಲಸಿದ ಲೇಪ ಬಂದವು. 19ನೇ ಶತಮಾನದಲ್ಲಿ ಉಗಿಯ ಒತ್ತಡವೂ ಉಷ್ಣತೆಯೂ ಏರಿದಂತೆ ಇವು ಸುಟ್ಟುಹೋಗತೊಡಗಿದವು. ಗುಡ್‌ಇಯರ್‌ 1844ರಲ್ಲಿ ಪೇಟೆಂಟ್ ಪಡೆದ ವಲ್ಕನೀಕೃತ ರಬ್ಬರು ನೀರಿನ ಕೊಳವೆಗಳಿಗೆ ವರವಾಯಿತಾದರೂ ಕಾದ ಉಗಿಯ ಮುಂದೆ ನಿಲ್ಲಲಿಲ್ಲ. ಶತಮಾನದ ಕೊನೆಯ ಹೊತ್ತಿಗೆ ಆಸ್ಟ್ರಿಯಾದ ರಿಚರ್ಡ್ ಕ್ಲಿಂಗರ್ ಕಲ್ನಾರು ಮತ್ತು ರಬ್ಬರನ್ನು ಬೆರೆಸಿ ಅದುಮಿದ ಹಾಳೆಯ ತಯಾರಿಕೆಗೆ ದಾರಿ ಮಾಡಿದರು. ನಮ್ಮ ಕಾರ್ಖಾನೆಗಳಲ್ಲಿ ಹಲವು ದಶಕ ‘ಸಿಎಎಫ್ ಶೀಟ್’ ಎಂದು ಬಳಕೆಯಲ್ಲಿದ್ದುದು ಇದೇ ವಂಶದ ಹಾಳೆ. ಇದಕ್ಕೆ ಭಾರತೀಯ ಮಾನಕವೂ ಇದೆ, ಐಎಸ್ 2712.

ಆದರೆ ಹಾಳೆ ಗ್ಯಾಸ್ಕೆಟ್‌ಗೆ ಹುಟ್ಟುಗುಣದ ಒಂದು ಕೊರತೆ. ಒಳಗಿನ ಒತ್ತಡ ಅದನ್ನು ಸದಾ ಹೊರಕ್ಕೆ ತಳ್ಳುತ್ತದೆ. ಅದನ್ನು ತಡೆಯುವುದು ಫ್ಲ್ಯಾಂಜ್ ಮುಖಗಳ ಘರ್ಷಣೆ ಮತ್ತು ಹಾಳೆಯ ಸ್ವಂತ ಬಲ ಮಾತ್ರ. ಬೋಲ್ಟು ಸಡಿಲವಾಯಿತೋ, ಹಾಳೆ ಹರಿದು ಸಿಡಿದು ಆಚೆ ಬರುತ್ತದೆ. ಬರೀ ಲೋಹದ ಉಂಗುರ ಹಾಕಿದರೆ ಸಿಡಿಯುವ ಭಯವಿಲ್ಲ, ಆದರೆ ಅದನ್ನು ಫ್ಲ್ಯಾಂಜಿನ ಮೇಲ್ಮೈಗೆ ಹೊಂದಿಸಲು ಅಪಾರ ಬಲ ಬೇಕು, ನುಣುಪಾದ ಮುಖವೂ ಬೇಕು. ಕೊಳವೆ ಕಾದು ತಣಿಯುವಾಗ ಕೀಲು ಕೂದಲೆಳೆಯಷ್ಟು ತೆರೆದರೂ ಗಟ್ಟಿ ಉಂಗುರ ಅದನ್ನು ಹಿಂಬಾಲಿಸುವುದಿಲ್ಲ. ಸೀಲು ಮಾಡಲು ಮೆತ್ತನೆಯದು, ಪುಟಿದು ಬರಲು ಗಟ್ಟಿಯದು, ಎರಡೂ ಒಂದರಲ್ಲೇ ಬೇಕಾಗಿತ್ತು.

1912ರಲ್ಲಿ ಅಮೆರಿಕದ ಫ್ಲೆಕ್ಸಿಟಾಲಿಕ್ ಸಂಸ್ಥೆ ಕೊಟ್ಟ ಸುರುಳಿ ಗ್ಯಾಸ್ಕೆಟ್ ಈ ಎರಡನ್ನೂ ಕೂಡಿಸಿತು. ಕಾಲವೂ ಕೂಡಿಬಂದಿತ್ತು: ಮರುವರ್ಷವೇ, 1913ರಲ್ಲಿ, ವಿಲಿಯಂ ಬರ್ಟನ್‌ಗೆ ಕಚ್ಚಾತೈಲವನ್ನು ಒತ್ತಡದಲ್ಲಿ ಕಾಯಿಸಿ ಒಡೆಯುವ ವಿಧಾನದ ಪೇಟೆಂಟ್ ಸಿಕ್ಕಿತು. ಕಾದ ಎಣ್ಣೆ ಒತ್ತಡದಲ್ಲಿ ಹರಿಯುವ ಕೊಳವೆಗೆ ಹಳೆಯ ಹಾಳೆಗಳನ್ನು ನಂಬುವಂತಿರಲಿಲ್ಲ.

ಸುರುಳಿ ಗ್ಯಾಸ್ಕೆಟ್ ಕೈಯಲ್ಲಿ ಹಿಡಿದು ನೋಡಿದರೆ ಅದರ ಜಾಣ್ಮೆ ತಿಳಿಯುತ್ತದೆ. ‘ವಿ’ ಆಕಾರಕ್ಕೆ ಮಡಿಸಿದ ತೆಳು ಉಕ್ಕಿನ ಪಟ್ಟಿ ಮತ್ತು ಮೆತ್ತನೆಯ ತುಂಬುವಸ್ತುವಿನ ಪಟ್ಟಿ ಒಂದರ ಪಕ್ಕ ಒಂದು ಸುತ್ತುತ್ತ ಹೋಗುತ್ತವೆ. ಮೊದಲ ಕೆಲವು ಸುತ್ತುಗಳಲ್ಲೂ ಕೊನೆಯವುಗಳಲ್ಲೂ ಬರೀ ಲೋಹ. ಅಲ್ಲಿ ಚುಕ್ಕಿ ಬೆಸುಗೆ. ತುಂಬುವಸ್ತು ಲೋಹದ ಅಂಚಿಗಿಂತ ಒಂದಿಷ್ಟೇ ಮೇಲೆದ್ದಿರುತ್ತದೆ, ಫ್ಲ್ಯಾಂಜನ್ನು ಮೊದಲು ಮುಟ್ಟುವುದು ಅದೇ. ಹೊರಗಿನ ಗಟ್ಟಿ ಉಂಗುರ ಬೋಲ್ಟುಗಳ ವೃತ್ತದೊಳಗೆ ಗ್ಯಾಸ್ಕೆಟನ್ನು ನಡುಮಧ್ಯಕ್ಕೆ ಕೂರಿಸುತ್ತದೆ, ಅತಿಯಾಗಿ ಅದುಮದಂತೆಯೂ ತಡೆಯುತ್ತದೆ. 4.45 ಮಿಲಿಮೀಟರ್ ದಪ್ಪದ ಸುರುಳಿ ಬಿಗಿದಾಗ ಸುಮಾರು 3.3 ಮಿಲಿಮೀಟರಿಗೆ ಇಳಿಯಬೇಕು. ಆ ಒಂದು ಮಿಲಿಮೀಟರಿಗೂ ಮಿಕ್ಕ ಇಳಿತದಲ್ಲೇ ಅದರ ಪುಟಿತ ಕೂಡಿಟ್ಟಿರುತ್ತದೆ.

ಆಯ್ಕೆಗೊಂದು ಶಾಸ್ತ್ರ ಹುಟ್ಟಬೇಕಾದರೆ ಮೊದಲು ಫ್ಲ್ಯಾಂಜಿನ ಅಳತೆಗಳು ಎಲ್ಲೆಡೆ ಒಂದಾಗಬೇಕಿತ್ತು. ಅಮೆರಿಕದಲ್ಲಿ ಎರಕದ ಕಬ್ಬಿಣದ ಫ್ಲ್ಯಾಂಜುಗಳಿಗೆ 1914ರಲ್ಲಿ ಮಾನಕ ಬಂತು. 1920ರಲ್ಲಿ ಬಿ16 ಸಮಿತಿ ರಚನೆಯಾಯಿತು. ಉಕ್ಕಿನ ಫ್ಲ್ಯಾಂಜುಗಳ ತಾತ್ಕಾಲಿಕ ಮಾನಕಕ್ಕೆ 1927ರಲ್ಲಿ ಒಪ್ಪಿಗೆ ಸಿಕ್ಕಿತು. ಇಂದು 150, 300, 600, 900, 1500, 2500 ಎಂಬ ಕ್ಲಾಸುಗಳ ಹೆಸರಿನಲ್ಲಿ ಪ್ರತಿ ಸ್ಥಾವರದ ಫಿಟ್ಟರಿಗೂ ಬಾಯಿಪಾಠವಾಗಿರುವುದು ಇದರ ಮುಂದುವರಿಕೆಯೇ.

1937ರಲ್ಲಿ ವಾಟರ್ಸ್, ವೆಸ್‌ಸ್ಟ್ರಾಮ್, ರಾಸ್‌ಹೈಮ್, ವಿಲಿಯಮ್ಸ್ ಎಂಬ ನಾಲ್ವರು ಬೋಲ್ಟ್ ಹಾಕಿದ ಫ್ಲ್ಯಾಂಜಿನಲ್ಲಿ ಉಂಟಾಗುವ ಒತ್ತುಗಳ ಸೂತ್ರಗಳನ್ನು ಪ್ರಕಟಿಸಿದರು. 1943ರಲ್ಲಿ ರಾಸ್‌ಹೈಮ್ ಮತ್ತು ಮಾರ್ಕ್ಲ್ ಗ್ಯಾಸ್ಕೆಟ್‌ಗಳಿಗೆ ಎರಡು ಸಂಖ್ಯೆಗಳನ್ನು ಕೊಟ್ಟರು. ‘ವೈ’ ಎಂದರೆ ಗ್ಯಾಸ್ಕೆಟ್ ಫ್ಲ್ಯಾಂಜಿಗೆ ಹೊಂದಿಕೊಂಡು ಕೂರಲು ಬೇಕಾದ ಕನಿಷ್ಠ ಒತ್ತು. ‘ಎಂ’ ಎಂದರೆ ಕೊಳವೆಯೊಳಗೆ ಒತ್ತಡ ಏರಿದ ಮೇಲೂ ಗ್ಯಾಸ್ಕೆಟ್ ಮೇಲೆ ಆ ಒತ್ತಡದ ಎಷ್ಟು ಪಟ್ಟು ಉಳಿಯಬೇಕೆಂಬ ಲೆಕ್ಕ. ತುಕ್ಕುರಹಿತ ಉಕ್ಕಿನ ಸುರುಳಿ ಗ್ಯಾಸ್ಕೆಟ್‌ಗೆ ಎಂ 3, ವೈ ಚದರ ಇಂಚಿಗೆ 10,000 ಪೌಂಡ್ ಎಂದು ಬಾಯ್ಲರ್ ಸಂಹಿತೆಯ ಪಟ್ಟಿ ಹೇಳುತ್ತದೆ. ಇವು ಸೂಚಿತ ಮೌಲ್ಯಗಳಷ್ಟೇ, ಕಡ್ಡಾಯವಲ್ಲ ಎಂದೂ ಅದೇ ಪಟ್ಟಿ ಹೇಳುತ್ತದೆ. ವಿನ್ಯಾಸಕಾರರು ಮೊದಲ ಮಾತನ್ನು ಹಿಡಿದುಕೊಂಡರು, ಎರಡನೆಯದನ್ನು ಮರೆತರು. ಈ ಸಂಖ್ಯೆಗಳಲ್ಲಿ ಎಷ್ಟು ಸೋರಿಕೆ ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ. ಆ ಕೊರತೆಯನ್ನು ಹಿಡಿದು, ಸೋರಿಕೆಯ ಪ್ರಮಾಣವನ್ನೇ ಅಳೆದು ಹೊಸ ಸ್ಥಿರಾಂಕಗಳನ್ನು ಕಟ್ಟುವ ಕೆಲಸ ಮಾಂಟ್ರಿಯಲ್‌ನ ಎಕೋಲ್ ಪಾಲಿಟೆಕ್ನಿಕ್‌ನಲ್ಲಿ ನಡೆಯಿತು. ನನ್ನ ದೃಷ್ಟಿಯಲ್ಲಿ ಗ್ಯಾಸ್ಕೆಟ್ ವಿಜ್ಞಾನಕ್ಕೆ ಪ್ರಾಯ ಬಂದದ್ದು ಅಲ್ಲಿ.

ಅಷ್ಟರಲ್ಲಿ ಸುರುಳಿಯ ತುಂಬುವಸ್ತುವಾಗಿದ್ದ ಕಲ್ನಾರೇ ವಿವಾದಕ್ಕೆ ಸಿಕ್ಕಿತ್ತು. ಕಲ್ನಾರಿನ ಧೂಳು ಕಾರ್ಮಿಕರ ಶ್ವಾಸಕೋಶವನ್ನು ಗಟ್ಟಿಗೊಳಿಸುತ್ತದೆಂಬುದನ್ನು ಬ್ರಿಟನ್ನಿನಲ್ಲಿ ಮೆರಿವೆದರ್ ಮತ್ತು ಪ್ರೈಸ್ 1930ರ ವರದಿಯಲ್ಲೇ ತೋರಿಸಿದ್ದರು. 1960ರಲ್ಲಿ ದಕ್ಷಿಣ ಆಫ್ರಿಕಾದ ವ್ಯಾಗ್ನರ್ ಮತ್ತು ಸಂಗಡಿಗರು ಅದನ್ನು ಮೀಸೋಥೀಲಿಯೋಮಾ ಎಂಬ ಕ್ಯಾನ್ಸರಿಗೆ ತಳುಕು ಹಾಕಿದರು. ಹೊಸ ಗ್ಯಾಸ್ಕೆಟ್ ಹಾಕುವಾಗಿನ ಅಪಾಯಕ್ಕಿಂತ, ಫ್ಲ್ಯಾಂಜಿಗೆ ಅಂಟಿ ಒಣಗಿದ ಹಳೆಯದನ್ನು ತಂತಿಬ್ರಷ್ಷಿನಿಂದ ಕೆರೆಯುವಾಗಿನ ಅಪಾಯ ದೊಡ್ಡದು. ಬ್ರಿಟನ್ 1999ರಲ್ಲಿ, ಐರೋಪ್ಯ ಒಕ್ಕೂಟ 2005ರಲ್ಲಿ ಕಲ್ನಾರನ್ನು ನಿಷೇಧಿಸಿದವು. ಅಮೆರಿಕದ 1989ರ ನಿಷೇಧದ ಬಹುಭಾಗವನ್ನು ನ್ಯಾಯಾಲಯ 1991ರಲ್ಲಿ ತಳ್ಳಿಹಾಕಿತು. ಹಾಳೆ ಗ್ಯಾಸ್ಕೆಟ್‌ಗಳನ್ನೂ ಒಳಗೊಂಡ ಕ್ರೈಸೊಟೈಲ್ ಎಂಬ ಬಗೆಯ ಕಲ್ನಾರಿನ ನಿಷೇಧ ಅಲ್ಲಿ ಬಂದದ್ದು 2024ರಲ್ಲಿ. ಭಾರತದ ಸುಪ್ರೀಂ ಕೋರ್ಟು 1995ರ ಜನವರಿಯಲ್ಲಿ, ಕಲ್ನಾರು ಕಾರ್ಮಿಕರ ಆರೋಗ್ಯ ದಾಖಲೆಯನ್ನು ಕೆಲಸ ಸೇರಿದಂದಿನಿಂದ ಕನಿಷ್ಠ 40 ವರ್ಷ ಕಾಪಾಡಬೇಕೆಂದು ಆದೇಶಿಸಿತು. ಬಳಕೆಗೆ ಪೂರ್ಣ ನಿಷೇಧ ಇಲ್ಲಿ ಬಂದಿಲ್ಲ. ಬರಬೇಕು.

ಕಲ್ನಾರಿನ ಜಾಗಕ್ಕೆ ಬಂದವುಗಳಲ್ಲಿ ಮುಖ್ಯವಾದವು ಎರಡು. 1938ರಲ್ಲಿ ಡುಪಾಂಟ್‌ನ ರಾಯ್ ಪ್ಲಂಕೆಟ್‌ಗೆ ಅನಿರೀಕ್ಷಿತವಾಗಿ ದೊರೆತ ಪಿಟಿಎಫ್‌ಇ ಆಮ್ಲಗಳಿಗೆ ಜಗ್ಗುವುದಿಲ್ಲ, ಹೆಚ್ಚಿನ ಬಿಸಿಯನ್ನು ಮಾತ್ರ ತಾಳದು. ಎರಡನೆಯದು ಬಾಗುವ ಗ್ರಾಫೈಟ್. ಗ್ರಾಫೈಟ್ ಪದರಗಳ ನಡುವೆ ಆಮ್ಲ ಸೇರಿಸಿ, ತಟ್ಟನೆ ಕಾಯಿಸಿ ಉಬ್ಬಿಸಿ, ಅಂಟಿಲ್ಲದೆಯೇ ಒತ್ತಿ ಹಾಳೆ ಮಾಡುವ ಈ ವಿಧಾನಕ್ಕೆ ಅಮೆರಿಕದಲ್ಲಿ 1968ರಲ್ಲಿ ಪೇಟೆಂಟ್ ದೊರೆಯಿತು. ಗಾಳಿ ತಗುಲುವೆಡೆ ಸುಮಾರು 450 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ನಿಧಾನವಾಗಿ ಉರಿದು ಸವೆಯುತ್ತದೆಂಬುದನ್ನು ಬಿಟ್ಟರೆ ಉಗಿಗೂ ಎಣ್ಣೆಗೂ ಅದು ಬಲು ಒಳ್ಳೆಯದು.

ತುಂಬುವಸ್ತು ಬದಲಾದರೆ ಸಾಕು, ಉಳಿದದ್ದು ಹಾಗೆಯೇ ಇರಬಹುದೆಂದು ಉದ್ಯಮ ನಂಬಿತ್ತು. ಆ ನಂಬಿಕೆ ಸುಳ್ಳಾಯಿತು. ಗ್ರಾಫೈಟನ್ನೋ ಪಿಟಿಎಫ್‌ಇಯನ್ನೋ ದಟ್ಟವಾಗಿ ತುಂಬಿದ ಸುರುಳಿಯನ್ನು ಬಿಗಿದಾಗ ಅದು ಪಕ್ಕಕ್ಕೆ ಸರಿಯಲು ಜಾಗ ಹುಡುಕುತ್ತದೆ. ಹೊರಗೆ ಗಟ್ಟಿ ಉಂಗುರ ಅಡ್ಡ ನಿಂತಿದೆ. ತೆರೆದಿರುವುದು ಒಳಗಿನ ದಾರಿಯೊಂದೇ. ಹಾಗಾಗಿ ಸುತ್ತುಗಳು ಕೊಳವೆಯ ಒಳಮುಖಕ್ಕೆ ಬಳುಕಿ ಉಬ್ಬುತ್ತವೆ. ಕೆಲವೊಮ್ಮೆ ಬೆಸುಗೆ ಬಿಟ್ಟು ಲೋಹದ ಪಟ್ಟಿ ಹರಿವಿನೊಳಗೆ ತೂಗಾಡುತ್ತದೆ, ತುಂಡಾಗಿ ಮುಂದಿನ ಕವಾಟಕ್ಕೋ ಪಂಪಿಗೋ ಹೋಗಿ ಸೇರುತ್ತದೆ. ಕಲ್ನಾರು ಇಷ್ಟು ದಿನ ಸದ್ದಿಲ್ಲದೆ ಮುಚ್ಚಿಟ್ಟಿದ್ದ ದೌರ್ಬಲ್ಯವಿದು. ಪರಿಹಾರ ಒಳಗೂ ಒಂದು ಗಟ್ಟಿ ಉಂಗುರ. ಲೋಹದ ಗ್ಯಾಸ್ಕೆಟ್‌ಗಳ ಮಾನಕವಾದ ಬಿ16.20, ಗ್ರಾಫೈಟ್ ತುಂಬಿದ ಸುರುಳಿಗೆ ಖರೀದಿದಾರ ಬೇರೆ ಹೇಳದ ಹೊರತು ಒಳ ಉಂಗುರ ಇರಲೇಬೇಕೆಂದು 2007ರ ಆವೃತ್ತಿಯಲ್ಲಿ ಸೇರಿಸಿತು. ಒಂದು ಪದಾರ್ಥ ಹೋಗಿ ಇನ್ನೊಂದು ಬಂದಾಗ ಇಡೀ ಕೀಲನ್ನೇ ಮರುಚಿಂತಿಸಬೇಕೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಈ ಕ್ಷೇತ್ರದಲ್ಲಿ ಸಿಗದು.

ಅದೇ ಮಾನಕದ ಬಣ್ಣಗಳ ಪದ್ಧತಿ ಉಗ್ರಾಣದಲ್ಲಿ ದೊಡ್ಡ ಉಪಕಾರ. ಹೊರ ಉಂಗುರದ ಅಂಚಿನಲ್ಲಿ ಹಳದಿ ಇದ್ದರೆ 304 ಉಕ್ಕು, ಹಸಿರಿದ್ದರೆ 316. ಬೂದು ಪಟ್ಟೆ ಗ್ರಾಫೈಟ್, ಬಿಳಿ ಪಟ್ಟೆ ಪಿಟಿಎಫ್‌ಇ. ಸುರುಳಿಯ ಆಚೆಗೂ ಬದಲಾವಣೆ ನಡೆದಿದೆ: ಶಾಖ ವಿನಿಮಯಕಗಳಲ್ಲಿ, ಲೋಹದ ಹೊದಿಕೆಯ ಹಳೆಯ ಗ್ಯಾಸ್ಕೆಟ್‌ಗಳ ಜಾಗವನ್ನು, ಗೀರುಗಳಿರುವ ಲೋಹದ ತಿರುಳಿಗೆ ಗ್ರಾಫೈಟ್ ಹೊದಿಸಿದ ಕ್ಯಾಮ್‌ಪ್ರೊಫೈಲ್‌ಗಳು ಹಲವೆಡೆ ತುಂಬಿವೆ.

ಇಷ್ಟೆಲ್ಲ ಎಚ್ಚರದಿಂದ ಆರಿಸಿದ ಗ್ಯಾಸ್ಕೆಟ್ ಬೋಲ್ಟು ಬಿಗಿಯುವ ಹತ್ತು ನಿಮಿಷಗಳಲ್ಲಿ ಕೆಟ್ಟುಹೋಗಬಹುದು. 4 ಇಂಚಿನ 300 ಕ್ಲಾಸ್ ಫ್ಲ್ಯಾಂಜನ್ನೇ ತೆಗೆದುಕೊಳ್ಳೋಣ. ಅದಕ್ಕೆ ಮುಕ್ಕಾಲು ಇಂಚಿನ 8 ಸ್ಟಡ್‌ಗಳು. ಪ್ರತಿಯೊಂದರಲ್ಲೂ 345 ಮೆಗಾಪ್ಯಾಸ್ಕಲ್ ಎಳೆತ ಬೇಕೆಂದಿಟ್ಟುಕೊಂಡರೆ ಒಂದು ಸ್ಟಡ್ ಸುಮಾರು 74 ಕಿಲೋನ್ಯೂಟನ್ ಬಲ ಕೊಡುತ್ತದೆ. ಎಂಟೂ ಸೇರಿ 590 ದಾಟುತ್ತದೆ, ಅಂದರೆ ಸುಮಾರು 60 ಟನ್ ಭಾರ. ಸುರುಳಿಯ ಮೇಲೆ ಬೀಳುವ ಒತ್ತು ಸುಮಾರು 122 ಮೆಗಾಪ್ಯಾಸ್ಕಲ್. ವೈ ಬೇಡುವ ಚದರ ಇಂಚಿಗೆ 10,000 ಪೌಂಡ್ ಎಂದರೆ ಸುಮಾರು 69. ಹಾಗಾಗಿ ನೆಮ್ಮದಿಯ ಅಂತರವಿದೆ. ಎಳೆಗಳಿಗೆ ತೆಳುವಾಗಿ ಎಣ್ಣೆ ಹಚ್ಚಿದ್ದರೆ ಇದಕ್ಕೆ ಬೇಕಾದ ಟಾರ್ಕ್ ಸುಮಾರು 280 ನ್ಯೂಟನ್ ಮೀಟರ್. ತುಕ್ಕು ಹಿಡಿದ, ಒಣಗಿದ ಸ್ಟಡ್‌ಗೆ ಅದೇ 280 ಕೊಟ್ಟರೆ ಬಹುಪಾಲು ಘರ್ಷಣೆಗೇ ಹೋಗಿ, ಬಲ ಮೂರರಲ್ಲಿ ಎರಡು ಪಾಲಿಗೆ ಇಳಿಯಬಹುದು. ಆಗ ಗ್ಯಾಸ್ಕೆಟ್ ಮೇಲೆ ಉಳಿಯುವುದು 81 ಮಾತ್ರ. ಟಾರ್ಕ್ ರೆಂಚಿನ ಮುಳ್ಳು ಎರಡೂ ಸಲ ಒಂದೇ ಅಂಕಿ ತೋರಿಸಿರುತ್ತದೆ.

ಇನ್ನೊಂದು ತೊಡಕು, ಒಂದು ಬೋಲ್ಟನ್ನು ಬಿಗಿದಾಗ ಪಕ್ಕದ ಬೋಲ್ಟು ಸಡಿಲಾಗುತ್ತದೆ. ಫ್ಲ್ಯಾಂಜ್ ಅಲ್ಲಿ ಇನ್ನಷ್ಟು ಅದುಮಿಕೊಳ್ಳುವುದೇ ಕಾರಣ. 1981ರಲ್ಲಿ ಬಿಕ್‌ಫರ್ಡ್ ಬರೆದ ಬೋಲ್ಟು ಕೀಲುಗಳ ಪುಸ್ತಕದ ಮೂಲಕ ಇಂಥ ಸಂಗತಿಗಳು ಎಂಜಿನಿಯರುಗಳ ನಡುವೆ ಹರಡಿದವು. ಎಎಸ್‌ಎಂಇಯ ಪಿಸಿಸಿ-1 ಮಾರ್ಗಸೂಚಿ 2000ದಲ್ಲಿ ಬಂದಾಗ ಅನುಭವಿ ಫಿಟ್ಟರುಗಳ ಜಾಣ್ಮೆ ಕೊನೆಗೂ ಕಾಗದಕ್ಕಿಳಿಯಿತು: ಎದುರುಬದುರಿನ ಕ್ರಮದಲ್ಲಿ ಮೊದಲು ಕಾಲುಭಾಗದ ಆಸುಪಾಸು, ಆಮೇಲೆ ಅರ್ಧಕ್ಕೂ ಹೆಚ್ಚು, ಮತ್ತೆ ಪೂರ್ತಿ, ಕೊನೆಗೆ ನಟ್ಟು ತಿರುಗದಾಗುವವರೆಗೆ ಸುತ್ತಲೂ ಒಂದೊಂದಾಗಿ, ಕೆಲವು ಗಂಟೆ ಬಿಟ್ಟು ಇನ್ನೊಮ್ಮೆ. 2010ರ ಆವೃತ್ತಿ ಬೋಲ್ಟು ಜೋಡಿಸುವವರ ತರಬೇತಿ ಮತ್ತು ಅರ್ಹತೆಗೇ ಒಂದು ಅನುಬಂಧ ಮೀಸಲಿಟ್ಟಿತು. ಜೋಡಣೆಯನ್ನು ಪರಿಣತರ ಕೆಲಸವೆಂದು ಒಪ್ಪಿಕೊಂಡ ಆ ಅನುಬಂಧ ನನ್ನ ಮಟ್ಟಿಗೆ ಸುರುಳಿಯ ಆವಿಷ್ಕಾರದಷ್ಟೇ ಮಹತ್ವದ್ದು.

ಮಂಗಳೂರಿನ ತೈಲ ಶುದ್ಧೀಕರಣಾಗಾರ, ರಾಯಚೂರಿನ ಶಾಖೋತ್ಪನ್ನ ಕೇಂದ್ರ, ಕೈಗಾದ ಪರಮಾಣು ವಿದ್ಯುತ್ ಕೇಂದ್ರಗಳಿರುವ ನಾಡಿಗೆ ಇದು ದೂರದ ಚರಿತ್ರೆಯಲ್ಲ. ಶಟ್‌ಡೌನ್ ಅವಧಿಯಲ್ಲಿ ಕೀಲುಗಳನ್ನು ಬಿಚ್ಚಿ ಕಟ್ಟುವವರಲ್ಲಿ ಹಲವರು ಗುತ್ತಿಗೆ ಕಾರ್ಮಿಕರು. ಅವರಿಗೆ ಕನ್ನಡದಲ್ಲಿ ಬರೆದ ಬಿಗಿಯುವ ಕ್ರಮದ ಹಾಳೆ ಕೊಡಿ. ಪ್ರತಿ ಸಲ ಹೊಸ ಗ್ಯಾಸ್ಕೆಟ್, ಶುದ್ಧ ಎಳೆ, ಸರಿಯಾದ ಎಣ್ಣೆ ಒದಗಿಸಿ. ಒಮ್ಮೆ ಅದುಮಿದ ಸುರುಳಿಯನ್ನು ಮತ್ತೆ ಹಾಕಿಸಬೇಡಿ. ಗ್ಯಾಸ್ಕೆಟ್ ಖರೀದಿಯ ಪ್ರಮಾಣಪತ್ರವನ್ನು ಕಡತದಲ್ಲಿಡುವ ಸ್ಥಾವರಗಳು ಅದರ ಪಕ್ಕದಲ್ಲೇ, ಅದನ್ನು ಯಾರು, ಎಂದು, ಎಷ್ಟು ಟಾರ್ಕಿಗೆ ಬಿಗಿದರೆಂಬ ದಾಖಲೆಯನ್ನೂ ಇಡಲಿ.