ನೆತ್ತರುಗೊಡಗೆಯೂ ಸ್ಮಾರಕಶಿಲೆಯೂ

ಪ್ರಜಾರಕ್ಷಣೆಯು ರಾಜಧರ್ಮದ ಮೂಲವೆಂದು ಸ್ಮೃತಿಕಾರರು ವಿಧಿಸಿರುವರು. ಆ ರಕ್ಷಣೆಯಲ್ಲಿ ಪ್ರಾಣವನ್ನು ನೀಗಿದವನ ಋಣವನ್ನು ತೀರಿಸುವ ಬಗೆ ಯಾವುದೆಂಬುದನ್ನು ಕನ್ನಡ ನಾಡಿನ ಶಾಸನಗಳು ತಿಳಿಸುತ್ತವೆ.

ವೀರಗಲ್ಲುಗಳೆಲ್ಲವೂ ಅರಸರ ದಂಡಯಾತ್ರೆಗಳಲ್ಲಿ ಮಡಿದವರವಲ್ಲ. ತುರುಗಳನ್ನು ಕದ್ದೊಯ್ದವರನ್ನು ಬೆನ್ನಟ್ಟಿ ಬಿದ್ದವರು, ಕಳ್ಳರೊಡನೆ ಕಾದಿ ಸತ್ತವರು, ಊರಳಿವಿನಲ್ಲಿಯೂ ಪೆಣ್ಬುಯ್ಯಲಿನಲ್ಲಿಯೂ, ಎಂದರೆ ಸ್ತ್ರೀಯರ ಮಾನಕ್ಕೆ ಕೇಡೊದಗಿದಾಗ, ಅಡ್ಡನಿಂತು ಅಳಿದವರು ಅನೇಕರು. ಇಂದು ಪೊಲೀಸರಿಗೆ ವಹಿಸಿರುವ ಕಾರ್ಯವನ್ನೇ ಅವರು ಅಂದು ಮಾಡಿದರು. ಕಲ್ಲಿನ ಕೆಳಗಣ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನೊಯ್ಯುವ ಅಪ್ಸರೆಯರು, ಮೇಲೆ ದೇವಸನ್ನಿಧಿ. ಇದು ಬಹುತೇಕ ವೀರಗಲ್ಲುಗಳ ರಚನಾಕ್ರಮ.

ಅನೇಕ ಕಡೆಗಳಲ್ಲಿ ಕಲ್ಲಿನೊಡನೆ ಭೂಮಿಯೂ ದತ್ತವಾಗುತ್ತಿತ್ತು. ಮಡಿದವನ ಮನೆಯವರಿಗೆ ಬಿಟ್ಟುದು ನೆತ್ತರುಗೊಡಗೆ. ವೀರನ ನಿಮಿತ್ತವಾಗಿ ಬಿಟ್ಟುದು ಕಲ್ನಾಡು. ಕಾದಿ ಬದುಕಿದ ಭಟನಿಗೆ ಸಂದುದು ಬಾಳ್ಗಳ್ಚು. ಐದನೆಯ ಶತಮಾನದ ಹಲ್ಮಿಡಿ ಶಾಸನದಲ್ಲಿ ವಿಜ ಅರಸನಿಗೆ ಪಲ್ಮಿಡಿ, ಮೂಳಿವಳ್ಳಿಗಳು ಬಾಳ್ಗಳ್ಚಾಗಿ ದೊರೆತವು. ಬೇಗೂರಿನ ಶಾಸನದ ಪ್ರಕಾರ, ತುಂಬೆಪಾಡಿಯ ಕಾಳಗದಲ್ಲಿ ನಾಗತ್ತರನು ಬೀಳಲು, ಗಂಗರ ಎರೆಯಪ್ಪನು ಇರುಗನಿಗೆ ನಾಗತ್ತರ ಪಟ್ಟವನ್ನು ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನು. ಇಂಥ ದತ್ತಿಯನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪವೆಂದು ದಾನಶಾಸನಗಳ ಕೊನೆಯಲ್ಲಿ ಶಾಪವಿಡುವುದೂ ವಾಡಿಕೆ. ಆ ಶಾಪವು ಕಾಯುವುದು ಶಿಲೆಗಿಂತಲೂ ಹೆಚ್ಚಾಗಿ ಅನ್ನಕ್ಕಾಧಾರವಾದ ಭೂಮಿಯನ್ನು.

ಈಚಿನ ಕಾಲದಲ್ಲಿಯೂ ಶಿಲಾಸ್ಥಾಪನೆ ನಿಂತಿಲ್ಲ. 1959ರ ಅಕ್ಟೋಬರ್ 21ರಂದು ಲಡಾಖಿನ ಹಾಟ್ ಸ್ಪ್ರಿಂಗ್ಸ್ ಬಳಿಯಲ್ಲಿ ಚೀನೀ ಸೈನಿಕರ ಆಕ್ರಮಣಕ್ಕೆ 10 ಮಂದಿ ಪೊಲೀಸರು ಬಲಿಯಾದರು. ದೇಶವು ಆ ದಿನವನ್ನು ಪೊಲೀಸ್ ಹುತಾತ್ಮರ ದಿನವಾಗಿ ಆಚರಿಸುತ್ತದೆ. 2018ರಲ್ಲಿ ಅದೇ ದಿನ ದೆಹಲಿಯ ಚಾಣಕ್ಯಪುರಿಯಲ್ಲಿ ರಾಷ್ಟ್ರೀಯ ಪೊಲೀಸ್ ಸ್ಮಾರಕವು ಲೋಕಾರ್ಪಣವಾಯಿತು. ಅಲ್ಲಿಯ ಕಪ್ಪು ಶಿಲೆಯ ಎತ್ತರ 30 ಅಡಿ; ತೂಕ 238 ಟನ್. ಸ್ವಾತಂತ್ರ್ಯಾನಂತರ ಕರ್ತವ್ಯದಲ್ಲಿ ಮಡಿದ 34,844 ಮಂದಿಯ ಹೆಸರುಗಳು ಆಗ ಅಲ್ಲಿಯ ಗೋಡೆಯ ಮೇಲೆ ಕೆತ್ತಲ್ಪಟ್ಟಿದ್ದವು.

ಇಷ್ಟು ದ್ರವ್ಯವನ್ನು ಶಿಲೆಗೆ ವ್ಯಯಿಸುವುದಕ್ಕಿಂತ ಅನಾಥವಾದ ಸಂಸಾರಗಳಿಗೆ ಹಂಚಬಾರದೇ ಎಂಬ ಆಕ್ಷೇಪವು ಸಹಜವಾದುದೇ. ಆದರೆ ಪೂರ್ವಿಕರು ಇವೆರಡನ್ನೂ ಪರಸ್ಪರ ವಿರುದ್ಧವೆಂದೆಣಿಸಲಿಲ್ಲ. ಕೀರ್ತಿಗೆ ಕಲ್ಲು, ಕುಟುಂಬಕ್ಕೆ ಹೊಲ; ಎರಡೂ ಒಂದೇ ಋಣದ ಅಂಗಗಳು. ಕೈಕಾಲು ಕಳೆದುಕೊಂಡು ಬದುಕುಳಿದವನ ಹೆಸರಾದರೋ ಮಡಿದವರ ಗೋಡೆಯ ಮೇಲೆ ಬರುವಂತಿಲ್ಲ. ಕರ್ತವ್ಯದಲ್ಲಿ ಅಂಗಹೀನರಾದ ಕೇಂದ್ರ ಸರ್ಕಾರದ ನೌಕರರಿಗೆ 1939ರಲ್ಲಿಯೇ ಅಸಾಧಾರಣ ಪಿಂಚಣಿಯ ನಿಯಮಗಳು ಏರ್ಪಟ್ಟವು. ಅಂಥವನಿಗೆ ಸಲ್ಲುವ ವೇತನವೇ ಅವನ ಬಾಳ್ಗಳ್ಚು. ಅದು ಕಾಲಕ್ಕೆ ಸರಿಯಾಗಿ, ಅವನು ಕಛೇರಿಯ ಬಾಗಿಲನ್ನು ಕಾಯದಂತೆ, ಕೈಸೇರಿದಲ್ಲಿ ಮಾತ್ರವೇ ರಾಜ್ಯವು ಶಾಸನಧರ್ಮವನ್ನು ಪೂರ್ಣವಾಗಿ ಪಾಲಿಸಿದಂತಾಗುವುದು.